ಹಬ್ಬಕ್ಕೆ ಡಬಲ್ ಕಾಲ್‌ಶೀಟ್

ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ಕನಕಾಂಬರದ ಬೆಲೆ ಮುಗಿಲು ಮುಟ್ಟಿದರೆ ಅದಕ್ಕೆ ನಾವು ಮಾರುಕಟ್ಟೆ ಅನ್ನುತ್ತೇವೆ. ಹಬ್ಬದ ದಿನ ಹಾಡುವವನು ಒಂದಿಷ್ಟು ಜಾಸ್ತಿ ಕೇಳಿದರೆ ಅದಕ್ಕೆ ದುರಾಸೆ ಅನ್ನುತ್ತೇವೆ. ಈ ಅರ್ಥಶಾಸ್ತ್ರವನ್ನು ಯಾವ ವಿಶ್ವವಿದ್ಯಾಲಯವೂ ಕಲಿಸುವುದಿಲ್ಲ. ಕಲಿಯಬೇಕೆಂದರೆ ಯಾವುದಾದರೂ ಹೊರನಾಡ ಕನ್ನಡ ಬಳಗದ ರಾಜ್ಯೋತ್ಸವ ಸಮಿತಿಯಲ್ಲಿ ಕೂರಬೇಕು. ನಾನು ಕಲಿತದ್ದು ಮಣಿಕೊಂಡದಲ್ಲಿ. ಫೀಸು ಇಲ್ಲ, ಮೇಲೆ ಮಿರ್ಚಿ ಬಜ್ಜಿ ಬೇರೆ ಕೊಡುತ್ತಾರೆ.

ಮಣಿಕೊಂಡ ಅಂದರೆ ಹೈದರಾಬಾದಿನ ಪಡುವಣ ಅಂಚು. ಗೋಲ್ಕೊಂಡ ಕೋಟೆ ದಾಟಿ ಬಂದರೆ, ಗಚ್ಚಿಬೌಲಿಯ ಕಂಪನಿಗಳು ಇನ್ನೂ ಶುರುವಾಗಿಲ್ಲ ಅನ್ನುವಷ್ಟರಲ್ಲಿ, ಅಪಾರ್ಟ್‌ಮೆಂಟುಗಳು ಒಂದರ ಭುಜದ ಮೇಲೊಂದು ಕೈಹಾಕಿಕೊಂಡು ನಿಂತಿರುವ ಜಾಗ. ಲ್ಯಾಂಕೋ ಹಿಲ್ಸ್ ಗೋಪುರಗಳು ಎಲ್ಲಿಂದ ನೋಡಿದರೂ ಕಾಣುತ್ತವೆ. ಮರ್ರಿಚೆಟ್ಟು ಸರ್ಕಲ್ಲಿನ ಟ್ರಾಫಿಕ್ಕಿನಲ್ಲಿ ನಿಂತವರಿಗಂತೂ ಬಹಳ ಹೊತ್ತು ಕಾಣುತ್ತವೆ. ಇಲ್ಲಿ ಕನ್ನಡದವರಿಗೆ ಬರವಿಲ್ಲ. ಬೀದರ್, ಕಲಬುರಗಿ, ರಾಯಚೂರಿನವರಿಗೆ ಹೈದರಾಬಾದು ಪರಊರೇ ಅಲ್ಲ, ಅಜ್ಜನ ಕಾಲದ ರಾಜಧಾನಿ. ಮೈಸೂರು, ಬೆಂಗಳೂರಿನವರು ಕಂಪನಿ ಕಳಿಸಿತು ಅಂತ ಬಂದವರು. ಕರಾವಳಿಯವರು ಹೇಗೆ ಬಂದರು ಅಂತ ಯಾರೂ ಕೇಳುವುದಿಲ್ಲ. ಅವರು ಎಲ್ಲ ಕಡೆ ಇರುತ್ತಾರೆ.

ಈ ಮೂರೂ ಸೀಮೆಯವರು ಸೇರಿ ಆಚರಿಸುವುದು ನವೆಂಬರ್ 1. ಇದರಲ್ಲೊಂದು ತಮಾಷೆ ಇದೆ. 1956ರ ಆ ದಿನವೇ ಹಳೆಯ ಹೈದರಾಬಾದ್ ರಾಜ್ಯ ಮೂರು ಪಾಲಾಗಿ, ನಮ್ಮ ಜಿಲ್ಲೆಗಳು ಆಗಿನ ಮೈಸೂರು ರಾಜ್ಯಕ್ಕೆ ಸೇರಿದ್ದು. ಅಂದರೆ ಹೈದರಾಬಾದನ್ನು ಬಿಟ್ಟುಹೋದ ದಿನವನ್ನು ನಾವು ಹೈದರಾಬಾದಿನಲ್ಲೇ ಕೂತು, ಹೈದರಾಬಾದಿ ಬಿರಿಯಾನಿ ತಿಂದು ಸಂಭ್ರಮಿಸುತ್ತೇವೆ. ಸಸ್ಯಾಹಾರಿಗಳಿಗೆ ಬಿಸಿಬೇಳೆ ಬಾತ್ ಇರುತ್ತದೆ, ಗಾಬರಿ ಬೇಡ.

ಸರಿ, ಈ ಸಲದ ಸಮಿತಿ ಸಭೆ. 2026ರಲ್ಲಿ ನವೆಂಬರ್ 1 ಭಾನುವಾರವೇ ಬರುತ್ತದೆ. ಪ್ರತಿವರ್ಷ ರಾಜ್ಯೋತ್ಸವವನ್ನು ಹಾಲ್ ಸಿಕ್ಕಿದ ಭಾನುವಾರಕ್ಕೆ ತಳ್ಳುವ ನಮಗೆ ಈ ಯೋಗ ನೋಡಿ ಕಣ್ಣಲ್ಲಿ ನೀರು ಬಂತು. ಕಾರ್ಯದರ್ಶಿಗಳು ಬೆಂಗಳೂರಿನ ಒಬ್ಬ ಸುಗಮ ಸಂಗೀತದ ಗಾಯಕರಿಗೆ ಫೋನು ಮಾಡಿದರು. ಅವರು ವಿನಯದಿಂದಲೇ ಹೇಳಿದ ಮೊತ್ತ ಕೇಳಿ ಖಜಾಂಚಿಗಳ ಕಣ್ಣಲ್ಲೂ ನೀರು ಬಂತು, ಕಾರಣ ಬೇರೆ. ಮಾಮೂಲಿ ದಿನಕ್ಕಿಂತ ಎರಡು ಪಟ್ಟು.

"ಅಲ್ಲಾ ಸ್ವಾಮಿ," ಅಂದರು ಖಜಾಂಚಿಗಳು, ಮೈಸೂರಿನವರು, ಬೇಸರವನ್ನೂ ಮಡಿ ಉಟ್ಟಂತೆ ಮಾತಾಡುವವರು, "ಅಕ್ಟೋಬರಿನಲ್ಲಿ ಹಾಡೋದೂ ಅದೇ ಗಂಟಲು, ನವೆಂಬರ್ ಒಂದಕ್ಕೆ ಹಾಡೋದೂ ಅದೇ ಗಂಟಲು. ರೇಟು ಮಾತ್ರ ಬೇರೆ ಯಾಕೆ?"

ಬೀದರಿನ ಅಕ್ಕ ಬಜ್ಜಿ ಕೆಳಗಿಟ್ಟರು. ಅವರು ಬಜ್ಜಿ ಕೆಳಗಿಟ್ಟರೆಂದರೆ ಸಭೆ ಗಂಭೀರವಾಯಿತೆಂದೇ ಲೆಕ್ಕ. "ಯಾಕ್ರೀ, ನಿಮ್ ಲ್ಯಾಪ್‌ಟಾಪೂ ಅದೇ ಅದ ಅಲ್ರೀ? ಹ್ವಾದ ದೀಪಾವಳಿಗಿ ಅಮೆರಿಕಾದವರ ಸರ್ವರ್ ಬಿತ್ತಂತ ರಾತ್ರಿ ಕೂತು ಕೆಲ್ಸ ಮಾಡಿದ್ರಿ. ಕಾಂಪ್ ಆಫ್ ತಗೊಂಡ್ರಿ, ಮ್ಯಾಲ ಅಲೋವೆನ್ಸೂ ತಗೊಂಡ್ರಿ. ಬಟನ್ ಅವೇ ಇದ್ದವಲ್ಲ?"

"ಅದು ಕಂಪನಿ ಪಾಲಿಸಿ ಅಕ್ಕಾ."

"ಇದು ಗಂಟಲಿನ ಪಾಲಿಸಿ ಅಂತ ತಿಳ್ಕೋರಿ."

ನಾನು ಅಕ್ಕನ ಪಕ್ಷ. ಅಕ್ಕ ಹೇಳಿದ್ದಕ್ಕೆ ಕಾನೂನಿನ ಬಲವೂ ಇದೆ. ಕರ್ನಾಟಕದಲ್ಲಿ 1963ರಿಂದ ರಾಷ್ಟ್ರೀಯ ಮತ್ತು ಹಬ್ಬದ ರಜೆಗಳ ಕಾಯ್ದೆಯೊಂದಿದೆ. ಕಾರ್ಖಾನೆ, ಕಂಪನಿಗಳಲ್ಲಿ ಈ ರಜೆಯ ದಿನ ದುಡಿಸಿಕೊಂಡರೆ ಎರಡು ಪಟ್ಟು ಕೂಲಿ ಕೊಡಬೇಕು. ಇಲ್ಲವೇ ಆ ದಿನದ ಕೂಲಿ ಕೊಟ್ಟು ಬದಲಿಗೆ ಇನ್ನೊಂದು ದಿನ ರಜೆಯನ್ನೂ ಕೊಡಬೇಕು. ನವೆಂಬರ್ 1 ಆ ರಜೆಗಳ ಪಟ್ಟಿಯಲ್ಲಿದೆ. ಬಾಟಲಿಗೆ ಮುಚ್ಚಳ ಹಾಕುವ ಯಂತ್ರದ ಮುಂದೆ ರಾಜ್ಯೋತ್ಸವದ ದಿನ ನಿಂತವನಿಗೆ ಡಬಲ್. ರಾಜ್ಯೋತ್ಸವವನ್ನೇ ನಡೆಸಿಕೊಡುವ ಗಾಯಕನಿಗೆ, ತಬಲಾದವನಿಗೆ, ಕೀಬೋರ್ಡಿನವನಿಗೆ, ಮೈಕು ಕಟ್ಟುವ ಹುಡುಗನಿಗೆ? ಅವರು ಯಾರ ನೌಕರರೂ ಅಲ್ಲ. ಅವರಿಗೆ ಶಾಲು.

ಶಾಲಿನ ವಿಷಯ ಬಂದದ್ದರಿಂದ ಹೇಳಿಬಿಡುತ್ತೇನೆ. 2021ರಲ್ಲಿ ಬೊಮ್ಮಾಯಿಯವರ ಸರ್ಕಾರ, ಸರ್ಕಾರಿ ಸಮಾರಂಭಗಳಲ್ಲಿ ಹಾರ, ಶಾಲು, ಹಣ್ಣಿನ ಬುಟ್ಟಿ ಬೇಡ, ಕನ್ನಡ ಪುಸ್ತಕ ಕೊಡಿ ಅಂತ ಆದೇಶ ಹೊರಡಿಸಿತು. ಆದೇಶ ಗಡಿ ದಾಟಿ ಮಣಿಕೊಂಡಕ್ಕೆ ಬರಲಿಲ್ಲ. ನಮ್ಮಲ್ಲಿ ಈಗಲೂ ಪೇಟ, ಶಾಲು, ಗಂಧದ ಹಾರ, ಫಲಪುಷ್ಪ, ಸ್ಮರಣಿಕೆ ಎಲ್ಲ ಇವೆ. ಕಲಾವಿದರ ಮನೆಗೆ ಹೋಗಿ ನೋಡಿ. ಮೈಸೂರು ಪೇಟಗಳು ಅಟ್ಟದ ತುಂಬ, ಶಾಲುಗಳು ಬೀರುವಿನ ತುಂಬ. ಹಾಲಿನವನು ಒಂದು ತಿಂಗಳಾದರೂ ಶಾಲು ಹೊದೆಸಿಕೊಂಡು ಲೆಕ್ಕ ಚುಕ್ತಾ ಅಂದರೆ ಈ ಪದ್ಧತಿಗೆ ಅರ್ಥ ಬಂದೀತು.

"ಆದರೂ ಹಬ್ಬಕ್ಕೆ ಡಬಲ್ ಅಂತ ಎಲ್ಲಾದರೂ ಇದೆಯಾ, ಕಲಾ ಕ್ಷೇತ್ರದಲ್ಲಿ?" ಖಜಾಂಚಿಗಳು ಸೋಲೊಪ್ಪುವವರಲ್ಲ.

ಇದೆ ಸ್ವಾಮಿ. ಅಮೆರಿಕಕ್ಕೆ ಹೋದರೆ ಅಲ್ಲಿನ ಸಂಗೀತಗಾರರ ಸಂಘದ ಎಷ್ಟೋ ಊರಿನ ಶಾಖೆಗಳು ಡಿಸೆಂಬರ್ 31ರ ರಾತ್ರಿಗೆ ಬೇರೆಯೇ ದರ ಬರೆದಿಟ್ಟಿವೆ. ಅಷ್ಟು ದೂರ ಯಾಕೆ, ನಮ್ಮ ಬಾಲ್ಕನಿಯಿಂದ ಕತ್ತು ಚಾಚಿದರೆ ಚಿತ್ರಪುರಿ ಕಾಲೊನಿ ಕಾಣುತ್ತದೆ. ತೆಲುಗು ಸಿನಿಮಾದ ಲೈಟಿನವರು, ಮೇಕಪ್ಪಿನವರು, ಡ್ಯಾನ್ಸರುಗಳು, ಪ್ರೊಡಕ್ಷನ್ ಹುಡುಗರಿಗೆಂದು ಕಟ್ಟಿದ ಕಾಲೊನಿ. ಅದಕ್ಕೆ ಡಾಕ್ಟರ್ ಎಂ. ಪ್ರಭಾಕರ ರೆಡ್ಡಿ ಅವರ ಹೆಸರು. ವೈದ್ಯಕೀಯ ಓದಿ ನಟರಾದವರು. ಮಣಿಕೊಂಡದಲ್ಲಿ ತಮ್ಮ 10 ಎಕರೆ ಜಮೀನನ್ನು ಸಿನಿಮಾ ಕಾರ್ಮಿಕರಿಗೆ ಕೊಟ್ಟರು. ಜಯಪ್ರದಾ ಅವರನ್ನು ತೆರೆಗೆ ತಂದವರೂ ಇವರೇ. ಹಾಗಾಗಿ ನಮ್ಮ 'ಸನಾದಿ ಅಪ್ಪಣ್ಣ'ನ ನಾಯಕಿಗೂ ಮಣಿಕೊಂಡಕ್ಕೂ ಒಂದು ಸುತ್ತುಬಳಸಿನ ನಂಟಿದೆ ಅಂತ ನಾನು ಹೊಸಬರಿಗೆ ಹೇಳಿ ಸುಸ್ತು ಮಾಡುತ್ತಿರುತ್ತೇನೆ.

ಈ ಕಾಲೊನಿಯವರು 2025ರ ಆಗಸ್ಟಿನಲ್ಲಿ ಎರಡು ವಾರಕ್ಕೂ ಮಿಕ್ಕಿ ಕೆಲಸ ನಿಲ್ಲಿಸಿದ್ದರು. ಕೂಲಿ ಶೇಕಡಾ 30 ಏರಿಸಿ ಅಂತ ಅವರು, ಆಗುವುದಿಲ್ಲ ಅಂತ ನಿರ್ಮಾಪಕರು. ಕೊನೆಗೆ ಸರ್ಕಾರ ನಡುವೆ ಬಂದು, ಮೂರು ವರ್ಷದಲ್ಲಿ ಹಂತಹಂತವಾಗಿ ಶೇಕಡಾ 22.5 ಅಂತ ತೀರ್ಮಾನವಾಯಿತು. ಪತ್ರಿಕೆಯವರು ಆ ಶೇಕಡಾವಾರು ಲೆಕ್ಕವನ್ನೇ ದೊಡ್ಡದಾಗಿ ಬರೆದರು. ನನಗೆ ರುಚಿಸಿದ್ದು ಇನ್ನೊಂದು ಜಗಳ. ಭಾನುವಾರ ಶೂಟಿಂಗ್ ಇಟ್ಟರೆ ಎಷ್ಟು ಕಾಲ್‌ಶೀಟ್ ಲೆಕ್ಕ? ನಿರ್ಮಾಪಕರು ಮುಂದಿಟ್ಟ ಷರತ್ತುಗಳಲ್ಲಿ ಇದೂ ಇತ್ತು: ತಿಂಗಳ ಎರಡನೇ ಭಾನುವಾರ ಮತ್ತು ಕಾರ್ಮಿಕ ಇಲಾಖೆ ಗೊತ್ತುಮಾಡಿದ ಹಬ್ಬದ ರಜೆಗಳಿಗೆ ಮಾತ್ರ ಡಬಲ್, ಮಿಕ್ಕ ಭಾನುವಾರಗಳು ಬರೀ ವಾರ.

ಏನು ಸೊಗಸು ನೋಡಿ. ಹಬ್ಬಕ್ಕೆ ಡಬಲ್ ಕೊಡಬೇಕು ಅನ್ನುವುದನ್ನು ಕೂಲಿ ಏರಿಸಲು ಒಲ್ಲೆ ಅನ್ನುವವರೂ ಒಪ್ಪಿಕೊಂಡಿದ್ದಾರೆ. ತಕರಾರಿರುವುದು ಯಾವ ಭಾನುವಾರ ಎಷ್ಟು ಭಾನುವಾರ ಅನ್ನುವುದರಲ್ಲಿ. ಕೋಟಿಗಟ್ಟಲೆ ಹಾಕುವ, ಕೋಟಿಗಟ್ಟಲೆ ಕಳೆದುಕೊಳ್ಳುವ ಆಸಾಮಿಗಳೇ ಇಲ್ಲಿಯವರೆಗೆ ಬಂದಿದ್ದಾರೆ. ನಮ್ಮ ಬಳಗ ಮಾತ್ರ, ತಲೆಗೆ ಇನ್ನೂರು ರೂಪಾಯಿ ಹೆಚ್ಚು ವಂತಿಗೆ ಎತ್ತುವ ಮಾತು ಬಂದ ಕೂಡಲೇ, ಕಲೆ ಮಾರಾಟಕ್ಕಲ್ಲ ಅಂತ ಉಪನಿಷತ್ತಿಗೆ ಇಳಿಯುತ್ತದೆ.

ಕುಂದಾಪುರದ ಹಿರಿಯರೊಬ್ಬರು ಅಲ್ಲಿಯವರೆಗೆ ಸುಮ್ಮನಿದ್ದರು. ಈಗ ಕನ್ನಡಕ ಒರೆಸಿಕೊಂಡರು. "ಅಲ್ಲ ಮಾರಾಯ್ರೆ, ಹಬ್ಬ ಅಂದ್ರೆ ಕಲಾವಿದರಿಗೆ ರಜೆಯಾ? ಅದೇ ಅವರಿಗೆ ಕೆಲಸದ ದಿನ. ನಮ್ಮಲ್ಲಿ ಯಕ್ಷಗಾನದ ಮೇಳ ದೀಪಾವಳಿ ಆಸುಪಾಸು ಹೊರಟರೆ ಪತ್ತನಾಜೆವರೆಗೆ ದಿನಾ ರಾತ್ರಿ ಆಟ. ವೇಷಧಾರಿಗೆ ಯಾವ ಹಬ್ಬ, ಯಾವ ರಜೆ? ಮನೆಯಲ್ಲಿ ಮಕ್ಕಳು ಪಟಾಕಿ ಹೊಡೆಯುವಾಗ ಇವ ಎಲ್ಲಿಯೋ ಗದ್ದೆಯಲ್ಲಿ ಮಹಿಷಾಸುರ."

ಇದು ತೂಕದ ಮಾತು, ಮತ್ತು ಖಜಾಂಚಿಗಳು ಇದನ್ನು ತಮ್ಮ ಕಡೆಯ ಸಾಕ್ಷಿ ಅಂದುಕೊಂಡು ತಲೆಯಾಡಿಸಿದರು. ಅದು ಅವರ ಕಡೆಯದಲ್ಲ ಅಂತ ನನಗನ್ನಿಸಿತು. ಯಾಕೆಂದರೆ ಪತ್ತನಾಜೆ ಅಂದರೆ ಮೇ ತಿಂಗಳ ಕೊನೆ. ಆಮೇಲೆ ಮಳೆ, ಗೆಜ್ಜೆ ಬಿಚ್ಚಿಟ್ಟು ಕೂರುವ ಕಾಲ. ನಮ್ಮ ಘಟ್ಟದ ಮೇಲಿನ ಗಾಯಕರ ಪಂಚಾಂಗವೂ ಇದೇ ಥರದ್ದು. ಆಷಾಢದಲ್ಲಿ ಮದುವೆ ಇಲ್ಲ, ಆರತಕ್ಷತೆಯ ಆರ್ಕೆಸ್ಟ್ರಾ ಇಲ್ಲ. ಪಿತೃಪಕ್ಷದಲ್ಲಿ ಯಾರೂ ಕರೆಯುವುದಿಲ್ಲ. ಧನುರ್ಮಾಸದಲ್ಲಿ ಬೆಳಗಿನ ಜಾವ ಹುಗ್ಗಿ ಸಿಗುತ್ತದೆ, ಪೇಮೆಂಟು ಸಿಗುವುದಿಲ್ಲ. ಉಳಿದ ನಾಲ್ಕಾರು ತಿಂಗಳ ನಾಲ್ಕಾರು ಭಾನುವಾರಗಳಲ್ಲಿ ವರ್ಷದ ಅಕ್ಕಿ, ಬೇಳೆ, ಮಕ್ಕಳ ಫೀಸು, ಹಾರ್ಮೋನಿಯಂ ರಿಪೇರಿ ಎಲ್ಲ ಹುಟ್ಟಬೇಕು. ಹಳೆಯ ನಾಟಕ ಕಂಪನಿಗಳಿಗೂ ಇದು ತಿಳಿದಿತ್ತು. ಬಾದಾಮಿ ಬನಶಂಕರಿ ಜಾತ್ರೆಗೆ ಅಷ್ಟೊಂದು ಕಂಪನಿಗಳು ಒಟ್ಟಿಗೆ ಕ್ಯಾಂಪು ಹಾಕಿ, ಒಂದೇ ದಿನದಲ್ಲಿ ಆಟದ ಮೇಲೆ ಆಟ ಆಡುತ್ತಿದ್ದದ್ದು, ಈಗಲೂ ಆಡುವುದು, ದೇವಿಯ ಮೇಲಿನ ಭಕ್ತಿಯೊಂದರಿಂದಲೇ ಅಲ್ಲ. ಜಾತ್ರೆಯಲ್ಲಿ ಗಲ್ಲಾ ತುಂಬಿದರೆ ಮಳೆಗಾಲದಲ್ಲಿ ಕಂಪನಿಯ ಒಲೆ ಉರಿಯುತ್ತದೆ.

ಇಲ್ಲಿ ತೆಲಂಗಾಣದ ಬಸ್ಸಿನವರನ್ನು ಗುರು ಅನ್ನಬೇಕು. ಸಂಕ್ರಾಂತಿ, ದಸರೆಗೆ ಆರ್‌ಟಿಸಿ ವಿಶೇಷ ಬಸ್ಸು ಬಿಟ್ಟಾಗ ಒಂದೂವರೆ ಪಟ್ಟು ಟಿಕೆಟ್ಟು. ಯಾಕಪ್ಪಾ ಅಂದರೆ, ಹೋಗುವಾಗ ತುಂಬಿ ಹೋದ ಬಸ್ಸು ಬರುವಾಗ ಖಾಲಿ ಬರುತ್ತದೆ, ಆ ಖಾಲಿ ಸೀಟಿನ ಡೀಸೆಲ್ಲನ್ನು ಯಾರು ಕೊಡಬೇಕು? ಇದಕ್ಕೆ 2003ರ ಸರ್ಕಾರಿ ಆದೇಶವೇ ಉಂಟು. ಜನ ಗೊಣಗುತ್ತಾರೆ, ಕೊಡುತ್ತಾರೆ. ಗಾಯಕನ ಆಷಾಢವೂ ಇಂಥದೇ ಖಾಲಿ ಬಸ್ಸು. ನವೆಂಬರಿನ ಡಬಲ್‌ನಲ್ಲಿ ಒಂದು ಪಾಲು ಹಾಡಿದ್ದಕ್ಕೆ, ಇನ್ನೊಂದು ಪಾಲು ಯಾರೂ ಕರೆಯದ ದಿನಗಳಿಗೆ.

"ಅಂದ್ರೆ ಅವರು ಮನೇಲಿ ಸುಮ್ನೆ ಕೂರೋದಕ್ಕೂ ನಾವೇ ಕೊಡಬೇಕಾ?" ಖಜಾಂಚಿಗಳು.

"ಬೆಂಚ್ ಮೇಲೆ ಕೂತೋರಿಗಿ ನಿಮ್ ಕಂಪನಿ ಕೊಡಂಗಿಲ್ಲೇನ್ರೀ?" ಅಕ್ಕ.

ಸಾಫ್ಟ್‌ವೇರಿನವರ ಸಭೆಯಲ್ಲಿ ಬೆಂಚಿನ ಮಾತು ತೆಗೆಯಬಾರದು. ಇಬ್ಬರು ಎದ್ದು ನೀರು ಕುಡಿಯಲು ಹೋದರು.

ಈ ನಡುವೆ ನಮ್ಮ ಅಪಾರ್ಟ್‌ಮೆಂಟಿನ ಸಂಕ್ರಾಂತಿಯ ಕಥೆ ನೆನಪಾಯಿತು. ಕೋಲೆಬಸವನನ್ನು ಇಲ್ಲಿ ಗಂಗಿರೆದ್ದು ಅನ್ನುತ್ತಾರೆ. ಮೊದಲಾದರೆ ತಾನಾಗಿ ಬಾಗಿಲಿಗೆ ಬರುತ್ತಿತ್ತು, ತಲೆ ಆಡಿಸುತ್ತಿತ್ತು, ಮೊರದ ತುಂಬ ಅಕ್ಕಿ, ಹಳೆಯ ಸೀರೆ ಪಡೆದು ಮುಂದಿನ ಮನೆಗೆ ಹೋಗುತ್ತಿತ್ತು. ಈಗ ಗೇಟಿನಲ್ಲಿ ಸೆಕ್ಯೂರಿಟಿ. ಆ್ಯಪಿನಲ್ಲಿ ಯಾರಾದರೂ ಅನುಮತಿ ಕೊಡದೆ ಬಸವಣ್ಣನೂ ಒಳಗೆ ಬರುವಂತಿಲ್ಲ. ಹಾಗಾಗಿ ಹಬ್ಬದ ಸಮಿತಿಯವರು ಇವೆಂಟ್ ಮ್ಯಾನೇಜರನ್ನು ಹಿಡಿಯುತ್ತಾರೆ. ಪ್ಯಾಕೇಜು ಇದೆ: ಒಂದು ಗಂಗಿರೆದ್ದು, ತಲೆಯ ಮೇಲೆ ಪಾತ್ರೆ ಹೊತ್ತ ಒಬ್ಬ ಹರಿದಾಸು, ಬೊಗಸೆ ಭೋಗಿ ಹಣ್ಣು. ಭೋಗಿಯ ದಿನಕ್ಕೆ ಒಂದು ರೇಟು, ಸಂಕ್ರಾಂತಿಗೆ ಇನ್ನೊಂದು. ಬೆಳಗ್ಗೆ ಎಂಟಕ್ಕೆ ಎ ಬ್ಲಾಕು, ಒಂಬತ್ತಕ್ಕೆ ಪಕ್ಕದ ಗೇಟೆಡ್ ಕಮ್ಯುನಿಟಿ. ಯಾರೂ ಚೌಕಾಸಿ ಮಾಡುವುದಿಲ್ಲ, ಯಾಕೆಂದರೆ ಮಕ್ಕಳು ಸೆಲ್ಫಿ ತೆಗೆಯಬೇಕು. ಎತ್ತಿಗೆ ಹಬ್ಬದ ರೇಟು ಸಲ್ಲುತ್ತದೆ, ಎತ್ತನ್ನು ಕುಣಿಸುವವನ ಕೈಗೆ ಅದರಲ್ಲಿ ಎಷ್ಟು ಬೀಳುತ್ತದೆ ಅಂತ ಮ್ಯಾನೇಜರನ್ನು ಕೇಳಿದವರೂ ಇಲ್ಲ. ಹಬ್ಬದ ದರ ಏರಿಸುವುದಾದರೆ ಮೊದಲು ಕೇಳಬೇಕಾದ ಪ್ರಶ್ನೆ ಇದೇ. ವೇದಿಕೆಯ ನಡುವೆ ನಿಂತವರ ಡಬಲ್ ಸುಲಭವಾಗಿ ಡಬಲ್ ಆಗುತ್ತದೆ. ಅವರ ಹಿಂದೆ ಕೂತ ತಬಲಾದವನಿಗೆ, ರಿದಂ ಪ್ಯಾಡಿನವನಿಗೆ ಬರುವಷ್ಟರಲ್ಲಿ ಅದು ಮತ್ತೆ ಸಿಂಗಲ್ಲಾಗಿ, "ಮುಂದಿನ ಪ್ರೋಗ್ರಾಮಿನಲ್ಲಿ ನೋಡೋಣ" ಆಗಿರುತ್ತದೆ.

ಕಲಾವಿದರೂ ಪೂರಾ ಸಾಧುಗಳೇನಲ್ಲ ಬಿಡಿ. ಒಬ್ಬ ನಿರೂಪಕ ಮಹಾಶಯರಿಗೆ ಒಮ್ಮೆ ಫೋನು ಮಾಡಿದರೆ, ಆ ಶುಕ್ರವಾರ ಸಂಕಷ್ಟಹರ ಚತುರ್ಥಿ, ಹಾಗಾಗಿ ಫೆಸ್ಟಿವಲ್ ಚಾರ್ಜ್ ಅಂದರು. ನಮ್ಮ ಪಂಚಾಂಗದಲ್ಲಿ ಹುಡುಕಿದರೆ ವಿಶೇಷವಿಲ್ಲದ ದಿನ ಸಿಗುವುದಿಲ್ಲ. ಏಕಾದಶಿ, ಪ್ರದೋಷ, ಭೀಮನ ಅಮಾವಾಸ್ಯೆ, ರಥಸಪ್ತಮಿ ಎಲ್ಲಕ್ಕೂ ಡಬಲ್ ಅಂದರೆ ಸಿಂಗಲ್ ರೇಟು ಅಂತ ಒಂದಿದೆ ಅನ್ನುವುದನ್ನು ಮೊಮ್ಮಕ್ಕಳಿಗೆ ಕಥೆಯಾಗಿ ಹೇಳಬೇಕಾದೀತು. ಅದಕ್ಕೇ ನಾನು ಸಭೆಯಲ್ಲಿ ಒಂದು ಸಲಹೆ ಇಟ್ಟೆ. ಶಬ್ದಮಾಲಿನ್ಯದ 2000ದ ನಿಯಮಗಳಲ್ಲಿ ರಾತ್ರಿ 10ರ ಮೇಲೆ ಧ್ವನಿವರ್ಧಕ ಬೇಡ ಅಂತಿದೆ. ಆದರೆ ಹಬ್ಬ, ಸಾಂಸ್ಕೃತಿಕ ಸಂಭ್ರಮಗಳಿಗೆ ಅಂತ ವರ್ಷದಲ್ಲಿ 15 ದಿನ ಮೀರದಂತೆ ಮಧ್ಯರಾತ್ರಿಯವರೆಗೆ ಸಡಿಲಿಸಲು ಸರ್ಕಾರಗಳಿಗೆ ಅವಕಾಶವಿದೆ. ಗದ್ದಲಕ್ಕೇ ವರ್ಷಕ್ಕೆ 15 ದಿನ ಅಂತ ಅಳೆದು ಕೊಟ್ಟಿರುವಾಗ ನಾವೂ ಹಾಗೇ ಒಂದು ಪಟ್ಟಿ ಮಾಡೋಣ. ಯುಗಾದಿ, ಗಣೇಶ, ದಸರೆ, ದೀಪಾವಳಿ, ರಾಜ್ಯೋತ್ಸವ, ಡಿಸೆಂಬರ್ 31. ಹೀಗೆ ಹತ್ತೋ ಹದಿನೈದೋ ದಿನ. ಅವತ್ತು ಡಬಲ್, ವಾದ್ಯದವರಿಗೂ ಡಬಲ್, ಮೈಕಿನ ಹುಡುಗನಿಗೂ ಡಬಲ್. ಮಿಕ್ಕ ದಿನ ಮಾಮೂಲಿ, ಸಂಕಷ್ಟಿಗೆ ಬರೀ ಮೋದಕ.

ಎಲ್ಲರೂ ಹೌದು ಹೌದು ಅಂದರು. ಅಷ್ಟರಲ್ಲಿ ಕುಂದಾಪುರದವರು ಇನ್ನೊಂದು ಬಾಂಬು ಹಾಕಿದರು. "ಕಾಯಿಸುವುದಕ್ಕೆ ಎಷ್ಟು?"

ಅವರು ಹೇಳಿದ್ದು ಹೋದ ವರ್ಷದ ರಾಜ್ಯೋತ್ಸವದ ಸಂಗತಿ. ಬೆಂಗಳೂರಿಂದ ಬಂದ ಗಾಯಕಿ ಕಾಚಿಗುಡದಲ್ಲಿ ರೈಲಿಳಿದಿದ್ದರು. ಅಲ್ಲೇ ಪಕ್ಕದಲ್ಲಿ ಕರ್ನಾಟಕ ಸಾಹಿತ್ಯ ಮಂದಿರವಿದೆ. ಕಾರ್ಯಕ್ರಮ ಅಲ್ಲಿದ್ದಿದ್ದರೆ ಮುಖ ತೊಳೆದು ಹಾಡಲು ಕೂರಬಹುದಿತ್ತು. ನಮ್ಮದು ಮಣಿಕೊಂಡ. ಮೆಟ್ರೋ ರಾಯದುರ್ಗಕ್ಕೇ ನಿಂತುಬಿಡುತ್ತದೆ, ಅಲ್ಲಿಂದ ಮುಂದೆ ದೇವರು ಮತ್ತು ಆಟೋದವನು. ಐದೂವರೆಗೆ ಬಂದ ಆ ತಾಯಿಗೆ ಮೈಕು ಸಿಕ್ಕಿದ್ದು ಒಂಬತ್ತಕ್ಕೆ. ಮಧ್ಯೆ ನಡೆದದ್ದು ಸ್ವಾಗತ, ದೀಪ, ಮಕ್ಕಳ ನೃತ್ಯ, ಮಕ್ಕಳ ಫ್ಯಾನ್ಸಿ ಡ್ರೆಸ್, ಫ್ಯಾನ್ಸಿ ಡ್ರೆಸ್ಸಿನಲ್ಲಿ ಗೆದ್ದ ಮೂವರು ಕಿತ್ತೂರು ಚೆನ್ನಮ್ಮರಿಗೆ ಬಹುಮಾನ, ಮುಖ್ಯ ಅತಿಥಿಗಳ ಭಾಷಣ, ಗೌರವ ಅತಿಥಿಗಳ ಭಾಷಣ, "ನಾನು ಹೆಚ್ಚು ಹೊತ್ತು ತೆಗೆದುಕೊಳ್ಳುವುದಿಲ್ಲ" ಎಂದು ಶುರುಮಾಡಿದ ಪ್ರಾಯೋಜಕರ ಭಾಷಣ. ಒಂಬತ್ತೂವರೆಗೆ ಊಟದ ಬಾಗಿಲು ತೆರೆಯಿತು. ಕನ್ನಡಿಗರು ಭಾಷಾಭಿಮಾನದಲ್ಲಿ ಯಾರಿಗೂ ಕಡಿಮೆಯಿಲ್ಲ, ಆದರೆ ಬಿಸಿಬೇಳೆ ಬಾತ್ ಆರಿಹೋಗಲು ಬಿಡುವವರೂ ಅಲ್ಲ. ಹತ್ತಕ್ಕೆ ಮೈಕು ಬಂದ್. ಆಕೆ ಖಾಲಿ ಕುರ್ಚಿಗಳಿಗೆ ಕೈಮುಗಿದರು, ನಾವು ಪೇಟ ತೊಡಿಸಿದೆವು.

"ಹಾಡಿದ ಒಂದು ಗಂಟೆಗೆ ದುಡ್ಡು ಕೊಟ್ಟೆವು. ಕೂತ ಮೂರೂವರೆ ಗಂಟೆಗೆ?" ಅಂದರು ಹಿರಿಯರು. "ಅಷ್ಟೂ ಭಾಷಣ ಕೇಳಿದ್ದಾರೆ ಮಾರಾಯ್ರೆ. ಅದಕ್ಕೆ ಡಬಲ್ ಸಾಲುವುದಿಲ್ಲ."

ಭಾಷಣ ಭತ್ಯೆಯ ಈ ಪ್ರಸ್ತಾಪಕ್ಕೆ ಚಪ್ಪಾಳೆ ಬಿತ್ತು, ಅಧ್ಯಕ್ಷರೊಬ್ಬರನ್ನು ಬಿಟ್ಟು. ಅವರು ಈ ಸಲದ ಭಾಷಣವನ್ನು ಆಗಲೇ ಬರೆದಿಟ್ಟಿದ್ದರು.

ಖಜಾಂಚಿಗಳಿಗೆ ಈಗ ಎಲ್ಲ ಕಡೆಯಿಂದಲೂ ಬೆಂಕಿ. ಆದರೆ ಲೆಕ್ಕದ ಮನುಷ್ಯನಿಗೆ ದಾರಿ ಯಾವತ್ತೂ ಮುಚ್ಚಿರುವುದಿಲ್ಲ. "ಸರಿ, ಹಬ್ಬದ ದಿನ ಡಬಲ್ ಅಂತ ಒಪ್ಪಿದೆ. ಹಬ್ಬದ ದಿನ ಬಿಟ್ಟುಬಿಡೋಣ. ಒಂದನೇ ತಾರೀಕು ಬೇಡ, ಮುಂದಿನ ಭಾನುವಾರ ಎಂಟಕ್ಕೆ ಇಡೋಣ. ಸಿಂಗಲ್ ರೇಟು. ಫೋನ್ ಮಾಡಿ."

ಕಾರ್ಯದರ್ಶಿಗಳು ಸ್ಪೀಕರ್ ಹಾಕಿ ಫೋನು ಮಾಡಿದರು. ಆ ಕಡೆಯಿಂದ ಗಾಯಕರು ನಕ್ಕರು. ಶ್ರುತಿಶುದ್ಧವಾದ ನಗು. "ಸರ್, ಎಂಟನೇ ತಾರೀಕು ದೀಪಾವಳಿ. ಲಕ್ಷ್ಮೀಪೂಜೆ. ಅವತ್ತು ನನ್ನ ಹೆಂಡತಿ ನನ್ನನ್ನು ಬಿಡುವ ರೇಟು ನನಗೇ ಗೊತ್ತಿಲ್ಲ."

ಹದಿನೈದು? ಹಾಲ್‌ನವರಿಗೆ ಫೋನು ಹೋಯಿತು. ಕಾರ್ತಿಕ ಮಾಸ ಸರ್, ವನಭೋಜನಗಳು. ತೆಲುಗಿನವರು ಕಾರ್ತಿಕದ ಭಾನುವಾರ ಬಂತೆಂದರೆ ನೆಲ್ಲಿಮರದ ಕೆಳಗೆ ಕೂತು ಉಣ್ಣಬೇಕು. ಮಣಿಕೊಂಡದಲ್ಲಿ ನೆಲ್ಲಿಮರ ಎಲ್ಲಿಂದ ಬರಬೇಕು, ಹಾಲ್ ಬುಕ್ ಮಾಡಿ ಕುಂಡದಲ್ಲೊಂದು ನೆಲ್ಲಿ ಗಿಡ ಇಟ್ಟುಕೊಳ್ಳುತ್ತಾರೆ. ಇಪ್ಪತ್ತೆರಡೂ ಹೋಯಿತು, ಇಪ್ಪತ್ತೊಂಬತ್ತೂ ಹೋಯಿತು. ಅಡುಗೆಯವರೂ ಹೋದರು. ಡಿಸೆಂಬರಿನಲ್ಲಿ ರಾಜ್ಯೋತ್ಸವ ಮಾಡಿದರೆ ಬೆಂಗಳೂರಿನ ನೆಂಟರು ನಗುತ್ತಾರೆ ಅಂತ ಅಧ್ಯಕ್ಷರು. ಸಭೆಯಲ್ಲಿ ಬಜ್ಜಿಯೂ ಮುಗಿದಿತ್ತು.

ಖಜಾಂಚಿಗಳ ಮುಖ ಇದ್ದಕ್ಕಿದ್ದಂತೆ ಅರಳಿತು. "ಸೋಮವಾರ ಇಟ್ಟರೆ? ನವೆಂಬರ್ ಹದಿನಾರು. ಹಬ್ಬ ಇಲ್ಲ, ರಜೆ ಇಲ್ಲ. ಗಾಯಕರು ಸಿಂಗಲ್ ರೇಟಿಗೆ ಬರ್ತಾರೆ, ಹಾಲ್ ಅರ್ಧ ಬಾಡಿಗೆಗೆ ಸಿಗುತ್ತೆ, ಅಡುಗೆಯವರೂ ಖಾಲಿ. ಎಷ್ಟು ಉಳಿತಾಯ ನೋಡಿ!"

ಬೀದರಿನ ಅಕ್ಕ ಚೀಲ ಹೆಗಲಿಗೇರಿಸಿ ಎದ್ದು ನಿಂತರು. "ಭಾಳ ಚಲೋ ಐತ್ರೀ. ಆದ್ರ ಕೆಲ್ಸದ ದಿನ ಆಫೀಸ್ ಬಿಟ್ಟು ಬಂದು ಕೂತು ಕೇಳೋರಿಗಿ ಎಷ್ಟ್ ಕೊಡ್ತೀರಿ, ಅದೊಂದು ಹೇಳ್ರಿ."